ದಪ್ಪ ಬ್ರಶ್ಶು, ಸಣ್ಣ ಸೀಳು: ಒಂದು ಕನ್ನಡ ಫಾಂಟ್ ಮಾಡಿದ ಅನುಭವ

ಬ್ರಶ್ಶಿನಲ್ಲಿ ಬರೆದ ಹಾಗೆ ಕಾಣುವ ದಪ್ಪ ಕನ್ನಡ ಫಾಂಟ್ ಒಂದನ್ನು ಮಾಡುತ್ತಿದ್ದೇನೆ ಅಂದಾಗ ಬಹಳ ಜನ ಕೇಳಿದ್ದು ಒಂದೇ ಪ್ರಶ್ನೆ. "ಬರೆದು ಸ್ಕ್ಯಾನ್ ಮಾಡಿದ್ರೆ ಆಯ್ತಲ್ವಾ?" ಆಗಲ್ಲ. ಯಾಕೆ ಆಗಲ್ಲ ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಫಾಂಟ್ ತಯಾರಾದ ಮೇಲೆ ಅದನ್ನು ಎಲ್ಲಿ ಹಾಕಿದರೆ ಚೆನ್ನ, ಎಲ್ಲಿ ಹಾಕಿದರೆ ಕಣ್ಣಿಗೆ ಹಿಂಸೆ ಅನ್ನೋದನ್ನೂ ಸೇರಿಸುತ್ತೇನೆ.

ನನಗೆ ಬೇಕಿದ್ದದ್ದು ತಲೆಬರಹಕ್ಕೆ ಒಂದು ಫಾಂಟ್. ಓದುವ ಪಠ್ಯಕ್ಕೆ ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಇವೆ, ಅವುಗಳ ಬಗ್ಗೆ ದೂರಿಲ್ಲ. ದಪ್ಪಗೆ, ಗುಂಡಗೆ ಬೇಕೆಂದರೆ ಬಾಲೂ ತಮ್ಮ ಇದೆ. ಆದರೆ ಪೋಸ್ಟರಿನ ಮೇಲೆ ಎರಡೇ ಪದ ಇರುವಾಗ, ಆ ಎರಡು ಪದವನ್ನು ಯಾರೋ ಈಗಷ್ಟೇ ಜೋರಾಗಿ ಬರೆದು ಹೋದ ಹಾಗೆ ಕಾಣಬೇಕು ಅಂದಾಗ ಪ್ರತಿ ಸಲ ಕೈಯಲ್ಲೇ ಬರೆಯಬೇಕಾಗುತ್ತಿತ್ತು. ಬರೆಯೋದು ಕಷ್ಟವಲ್ಲ. ಬರೆದು ಮುಗಿಸಿದ ಮೇಲೆ "ಒಂದು ಅಕ್ಷರ ಬದಲಾಯಿಸಿ" ಅಂತ ಫೋನ್ ಬರುತ್ತಲ್ಲ, ಅದು ಕಷ್ಟ.

ಶುರು ಮಾಡುವ ಮೊದಲು ಬೇರೆಯವರು ಏನು ಮಾಡಿದ್ದಾರೆ ಅಂತ ನೋಡಿದೆ. ಬ್ರಶ್ ಬರಹವನ್ನು ಅಚ್ಚಿಗೆ ತರುವ ಆಸೆ ಕಂಪ್ಯೂಟರಿಗಿಂತ ಹಳೆಯದು. ಆಫೀಸು ಕಂಪ್ಯೂಟರುಗಳಲ್ಲಿ ನಾವೆಲ್ಲ ನೋಡಿರುವ ಬ್ರಶ್ ಸ್ಕ್ರಿಪ್ಟ್ ಫಾಂಟ್ ಮೂಲದಲ್ಲಿ ಸೀಸದ ಅಚ್ಚುಮೊಳೆ. ಅಮೆರಿಕನ್ ಟೈಪ್ ಫೌಂಡರ್ಸ್ ಕಂಪನಿಗೆ ರಾಬರ್ಟ್ ಸ್ಮಿತ್ 1942ರಲ್ಲಿ ಮಾಡಿಕೊಟ್ಟದ್ದು. ಫ್ರಾನ್ಸಿನ ರೋಜರ್ ಎಕ್ಸ್‌ಕೊಫೋನ್ 1953ರಲ್ಲಿ ಮಿಸ್ಟ್ರಾಲ್ ಮಾಡಿದರು, 1955ರಲ್ಲಿ ಚೋಕ್. ಮಿಸ್ಟ್ರಾಲ್‌ನಲ್ಲಿ ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡು ಹೋಗುತ್ತವೆ. ಬಿಡಿಬಿಡಿ ಲೋಹದ ಮೊಳೆಗಳಲ್ಲಿ ಅದನ್ನು ಸಾಧಿಸಿದ್ದು ಈಗಲೂ ನನಗೆ ಅಚ್ಚರಿ. ನಾನು ಜಾಸ್ತಿ ಹೊತ್ತು ನೋಡಿದ್ದು ಮಾತ್ರ ಚೋಕ್ ಅನ್ನು. ತುಂಬಾ ದಪ್ಪ, ತುಂಬಾ ಬಿರುಸು. ಆದರೆ ಅದರ ಅಂಚು ಕೆದರಿಲ್ಲ, ಬ್ರಶ್ ಕೂದಲಿನ ಗೆರೆಗಳಿಲ್ಲ. ಆದರೂ ಬ್ರಶ್ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ಒತ್ತಿದರು, ಎಲ್ಲಿ ಕೈ ಎತ್ತಿದರು ಅನ್ನೋದು ಆ ಆಕಾರದಲ್ಲೇ ಇದೆ. ಅಂಚನ್ನು ಒರಟು ಮಾಡಿಬಿಟ್ಟರೆ ಬ್ರಶ್ ಫಾಂಟ್ ಆಗುತ್ತದೆ ಅಂದುಕೊಂಡು ಮಾಡಿದ ಫಾಂಟುಗಳು ಬೇಕಾದಷ್ಟಿವೆ. ಹತ್ತಿರದಿಂದ ನೋಡಿದರೆ ಅವು ಮಾಮೂಲಿ ಅಕ್ಷರಗಳನ್ನೇ ಇಲಿ ಕಡಿದ ಹಾಗಿರುತ್ತವೆ.

ಹಾಗಾಗಿ ಮೊದಲ ಕೆಲಸ ಕಾಗದದ ಮೇಲೆ, ನಿಜವಾದ ಬ್ರಶ್ಶಿನಲ್ಲಿ. ಇಲ್ಲಿ ಎರಡು ದಾರಿ ಇವೆ. ಚಪ್ಪಟೆ ಬ್ರಶ್ ಹಿಡಿದರೆ ಗೆರೆಯ ದಿಕ್ಕು ಬದಲಾದ ಹಾಗೆ ದಪ್ಪ-ತೆಳು ತಾನಾಗಿಯೇ ಬರುತ್ತದೆ. ದುಂಡು ಬ್ರಶ್ ಹಿಡಿದರೆ ದಪ್ಪ ಪೂರ್ತಿ ಕೈ ಒತ್ತುವುದರ ಮೇಲೆ ನಿಂತಿರುತ್ತದೆ. ಎರಡರಲ್ಲೂ ಇಡೀ ವರ್ಣಮಾಲೆ ಬರೆದು ಗೋಡೆಗೆ ಅಂಟಿಸಿ ದೂರದಿಂದ ನೋಡಿದೆ. ಚಪ್ಪಟೆ ಬ್ರಶ್ಶಿನ ಬರಹ ಕಾಗದದಲ್ಲಿ ಸೊಗಸಾಗಿತ್ತು, ಆದರೆ ಮದುವೆ ಪತ್ರಿಕೆಯ ಶೃಂಗಾರ ಬಂದುಬಿಟ್ಟಿತ್ತು. ನನಗೆ ಬೇಕಿದ್ದದ್ದು ಗೋಡೆಬರಹದ ಗತ್ತು. ದುಂಡು ಬ್ರಶ್ಶೇ ಸರಿ ಅಂತ ಅದನ್ನೇ ಹಿಡಿದೆ, ತುದಿ ಸ್ವಲ್ಪ ಸವೆದದ್ದು. ಹೊಸ ಬ್ರಶ್ಶಿನ ತುದಿ ತುಂಬಾ ಚೂಪಾಗಿರುತ್ತದೆ, ಗೆರೆಯ ಕೊನೆ ಬಾಲದ ಹಾಗೆ ಬರುತ್ತದೆ.

ಬ್ರಶ್ಶಿಗೆ ಒಂದು ಸ್ವಭಾವ ಇದೆ. ಎಳೆದರೆ ಒಲಿಯುತ್ತದೆ, ತಳ್ಳಿದರೆ ಕೂದಲು ಕೆದರುತ್ತದೆ. ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಬರುವ ಗೆರೆ ಸಲೀಸು. ಕೆಳಗಿಂದ ಮೇಲಕ್ಕೆ ಹೋಗುವ ಗೆರೆಯಲ್ಲಿ ಅದು ಮೊಂಡು ಹಿಡಿಯುತ್ತದೆ. ಕನ್ನಡದ ಅಕ್ಷರಗಳೋ, ಬಹುಪಾಲು ಸುತ್ತು. ಪೆನ್ನಿನಲ್ಲಿ ನಾವು ದ, ರ, ಠ ಇವುಗಳ ಸುತ್ತನ್ನೆಲ್ಲ ಕೈ ಎತ್ತದೆ ಒಂದೇ ಸಲಕ್ಕೆ ಬರೆಯುತ್ತೇವೆ. ದಪ್ಪ ಬ್ರಶ್ಶಿನಲ್ಲಿ ಹಾಗೆ ಬರೆದರೆ ಸುತ್ತಿನ ಬಲಭಾಗ ಮೇಲೇರುವಾಗ ಗೆರೆ ಸೊರಗುತ್ತದೆ. ಹಾಗಾಗಿ ಸುತ್ತನ್ನು ಎರಡು ತುಂಡು ಮಾಡಬೇಕು. ಎಡದ ಕಮಾನು ಮೇಲಿಂದ ಕೆಳಕ್ಕೆ, ಬಲದ ಕಮಾನು ಮತ್ತೆ ಮೇಲಿಂದ ಕೆಳಕ್ಕೆ, ಎರಡೂ ಅಡಿಯಲ್ಲಿ ಕೂಡಬೇಕು. ಕೂಡುವ ಜಾಗದಲ್ಲಿ ಒಂದು ಸಣ್ಣ ಗಂಟು ಬೀಳುತ್ತದೆ, ಅದನ್ನು ಅಳಿಸಬಾರದು. ಬ್ರಶ್ಶಿನ ಗುರುತು ಅಂದರೆ ಅದೇ. ತಲಕಟ್ಟು ಕೊನೆಗೆ, ಒಂದೇ ಏಟಿಗೆ, ಕೈ ಎತ್ತುವ ವೇಗ ಅದರ ತುದಿಯಲ್ಲಿ ಕಾಣುವ ಹಾಗೆ.

ಕಾಗದದ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಹೀರುವ ಕಾಗದದಲ್ಲಿ ಅಂಚು ಹರಡುತ್ತದೆ, ತೀರಾ ನುಣುಪಾದುದರಲ್ಲಿ ಶಾಯಿ ಜಾರುತ್ತದೆ, ಮಾಮೂಲಿ ದಪ್ಪ ಡ್ರಾಯಿಂಗ್ ಕಾಗದ ಸಾಕು. ಶಾಯಿ ಪೂರ್ತಿ ಕಪ್ಪಾಗಿರಲಿ, ಸ್ಕ್ಯಾನ್ ಮಾಡುವಾಗ ತಲೆನೋವು ಕಡಿಮೆ.

ಇನ್ನು ನಿಜವಾದ ಯುದ್ಧಕ್ಕೆ ಬರೋಣ. ಅದು ಸೀಳುಗಳದ್ದು.

ದ-ಧ, ಡ-ಢ, ಪ-ಫ, ಚ-ಛ. ಇವುಗಳ ನಡುವೆ ವ್ಯತ್ಯಾಸ ಏನು? ಅಡಿಯಲ್ಲಿ ಒಂದು ಸಣ್ಣ ಗೆರೆ, ಹೊಟ್ಟೆ ಸೀಳೋದು ಅಂತೀವಲ್ಲ, ಅಷ್ಟೇ. ರ ಮತ್ತು ಠ ನಡುವೆ ಒಳಗಿನ ಒಂದು ಚುಕ್ಕಿ. ಪ ಮತ್ತು ಷ ನಡುವೆ ಒಳಗಿನ ಒಂದು ಅಡ್ಡಗೆರೆ. ತೆಳು ಅಕ್ಷರದಲ್ಲಿ ಇದು ಸಮಸ್ಯೆಯೇ ಅಲ್ಲ. ಗೆರೆಯನ್ನು ದಪ್ಪ ಮಾಡುತ್ತಾ ಹೋದ ಹಾಗೆ ಒಳಗಿನ ಬಿಳಿ ಜಾಗ ಕರಗುತ್ತದೆ. ಕೊನೆಗೆ ಷ ಒಂದು ಕಪ್ಪು ಮುದ್ದೆ, ಠ ಇನ್ನೊಂದು ಕಪ್ಪು ಮುದ್ದೆ. ಇಂಗ್ಲಿಷ್ ಬ್ರಶ್ ಫಾಂಟುಗಳನ್ನು ನೋಡಿ "ಇಷ್ಟು ದಪ್ಪ ಇರಲಿ" ಅಂತ ಅಳತೆ ಇಟ್ಟುಕೊಂಡರೆ ಕನ್ನಡದಲ್ಲಿ ಅದು ನಡೆಯಲ್ಲ, ಯಾಕೆಂದರೆ ಅವರ ಅಕ್ಷರಗಳ ಒಳಗೆ ಇಷ್ಟೊಂದು ಸಾಮಾನು ಇಲ್ಲ. ಎ, ಬಿ, ಇ, ಜಿ ಬಿಟ್ಟರೆ ಅವರಿಗೆ ಒಳಜಾಗದ ತೊಂದರೆ ಕಡಿಮೆಯೇ.

ಇದಕ್ಕೆ ಲೆಕ್ಕ ಹಾಕಿ ನೋಡಬಹುದು. ಫಾಂಟಿನ ಚೌಕವನ್ನು ಸಾಮಾನ್ಯವಾಗಿ 1000 ಘಟಕಗಳಾಗಿ ಭಾಗ ಮಾಡುತ್ತಾರೆ. ಸೀಳಿನ ಬಿಳಿ ಜಾಗ 40 ಘಟಕ ಇದ್ದರೆ, ಅಕ್ಷರ 25 ಪಿಕ್ಸೆಲ್ ಗಾತ್ರದಲ್ಲಿದ್ದಾಗ ಆ ಸೀಳಿಗೆ ಸಿಗುವುದು ಸರಿಯಾಗಿ ಒಂದು ಪಿಕ್ಸೆಲ್. ಅದಕ್ಕಿಂತ ಸಣ್ಣದಾದರೆ ಸೀಳು ಬೂದು ಬಣ್ಣದ ಮಬ್ಬು. 20 ಘಟಕ ಇಟ್ಟರೆ 50 ಪಿಕ್ಸೆಲ್ ಬೇಕು. ಅಂದರೆ ಫಾಂಟನ್ನು ಎಷ್ಟು ಸಣ್ಣದಾಗಿ ಬಳಸಬಹುದು ಅನ್ನೋದು ಅಕ್ಷರದ ಚೆಂದದಿಂದ ತೀರ್ಮಾನವಾಗಲ್ಲ, ಅದರ ಅತಿ ಸಣ್ಣ ಬಿಳಿ ಜಾಗದಿಂದ ತೀರ್ಮಾನವಾಗುತ್ತದೆ. ಈ ಲೆಕ್ಕ ತಲೆಗೆ ಹೋದ ಮೇಲೆ ನಾನು ಕಪ್ಪು ಗೆರೆ ಬರೆಯೋದು ಬಿಟ್ಟು ಬಿಳಿ ಜಾಗ ಬರೆಯೋಕೆ ಶುರು ಮಾಡಿದೆ ಅಂದರೂ ತಪ್ಪಿಲ್ಲ.

ಪರಿಹಾರ ಒಂದೇ ಅಲ್ಲ, ಅಕ್ಷರಕ್ಕೊಂದು. ಧ, ಢ, ಫ ಇವುಗಳಲ್ಲಿ ಸೀಳುವ ಗೆರೆಯನ್ನು ಅಡಿಗೆರೆಗಿಂತ, ಅಂದರೆ ಅಕ್ಷರಗಳು ಕೂರುವ ಗೆರೆಗಿಂತ, ಕೆಳಕ್ಕೆ ಧೈರ್ಯವಾಗಿ ಇಳಿಸಿದೆ. ಕೈಯಲ್ಲಿ ಬೇಗ ಬರೆಯುವವರು ಹಾಗೇ ಮಾಡುತ್ತಾರೆ, ಒಂದು ಚಿಕ್ಕ ಬಾಲ. ಠ ಒಳಗಿನ ಚುಕ್ಕಿಗೆ ಜಾಗ ಮಾಡೋಕೆ ಇಡೀ ಅಕ್ಷರವನ್ನೇ ಅಗಲ ಮಾಡಿದೆ. ಷ ಅತಿ ಹಠಮಾರಿ. ಅದರ ಅಡ್ಡಗೆರೆಯನ್ನು ಒಳಗೆ ತುರುಕುವ ಬದಲು ಬಲಗಡೆಯ ಗೆರೆಯನ್ನು ದಾಟಿ ಹೊರಗೆ ಚಾಚುವ ಹಾಗೆ ಬರೆದ ಮೇಲೆ ಉಸಿರಾಡಿತು. ಬ್ರಶ್ಶಿನ ಅಗಲಕ್ಕೂ ಅಕ್ಷರದ ಎತ್ತರಕ್ಕೂ ಇರುವ ಅನುಪಾತವನ್ನೂ ಬದಲಾಯಿಸಿದೆ. ಮೊದಲು ಎತ್ತರ ಬ್ರಶ್ ಅಗಲದ ನಾಲ್ಕು ಪಟ್ಟು ಇತ್ತು, ಐದರ ಹತ್ತಿರ ಹೋದಾಗ ದಪ್ಪವೂ ಉಳಿಯಿತು, ಓದೋಕೂ ಆಯಿತು.

ಇನ್ನೊಂದು ಬಲೆ ವ ಮತ್ತು ಮ. ವ ಪಕ್ಕದಲ್ಲಿ ಮಾಮೂಲಿ ಜಾಗದಲ್ಲೇ ಕೊಂಬು ಹಚ್ಚಿದರೆ ಅದು ಹೆಚ್ಚುಕಮ್ಮಿ ಮ ಆಗಿಬಿಡುತ್ತದೆ. ಅದಕ್ಕೇ ಅಚ್ಚಿನಲ್ಲಿ ವು, ಪು ಬರೆಯುವಾಗ ಕೊಂಬು ಕೆಳಗಿನಿಂದ ಹೊರಡುತ್ತದೆ. ಶಾಲೆಯಲ್ಲಿ ಕಲಿತದ್ದು, ಯಾರೂ ಯೋಚಿಸಿರಲ್ಲ. ದಪ್ಪ ಬ್ರಶ್ಶಿನಲ್ಲಿ ಆ ಕೆಳಗಿನ ಜಾಗ ಆಗಲೇ ಶಾಯಿಯಿಂದ ತುಂಬಿರುತ್ತದೆ. "ಹಾವು" ಅಂತ ಬರೆದದ್ದನ್ನು "ಹಾಮ" ಅಂತ ಓದಿದವರಿದ್ದಾರೆ. ಪು, ವು, ಫು ಮೂರನ್ನೂ ಬೇರೆಯಾಗಿಯೇ ಕೂತು ಬರೆದೆ, ಕೊಂಬಿನ ಸುರುಳಿಯನ್ನು ಅಡಿಗೆರೆಯ ಕೆಳಕ್ಕೆ ಪೂರ್ತಿ ಎಳೆದು.

ಕಾಗದದ ಕೆಲಸ ಮುಗಿದ ಮೇಲೆ ಸ್ಕ್ಯಾನ್. 600 ಡಿಪಿಐ, ಬೂದು ಛಾಯೆಯಲ್ಲಿ, ಆಮೇಲೆ ಕಪ್ಪು-ಬಿಳಿ ಮಾಡಿದ್ದು. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬಿಟ್‌ಮ್ಯಾಪ್ ಟ್ರೇಸ್ ಮಾಡುವ ಸೌಲಭ್ಯ ಇದೆ, ಒತ್ತಿದ ಕೂಡಲೇ ಚಿತ್ರ ರೇಖೆಯಾಗುತ್ತದೆ. "ಸ್ಕ್ಯಾನ್ ಮಾಡಿದ್ರೆ ಆಯ್ತಲ್ವಾ" ಅನ್ನುವವರ ಕಣ್ಣಲ್ಲಿ ಕೆಲಸ ಇಲ್ಲಿಗೆ ಮುಗಿಯುತ್ತದೆ. ಆ ರೇಖೆಯ ಮೇಲೆ ಕ್ಲಿಕ್ ಮಾಡಿ ನೋಡಿ. ಒಂದೊಂದು ಅಕ್ಷರಕ್ಕೂ ನೂರಾರು ನೋಡ್‌ಗಳು, ಅಂದರೆ ರೇಖೆಯನ್ನು ಹಿಡಿದಿಡುವ ಬಿಂದುಗಳು. ಕಾಗದದ ಪ್ರತಿ ನಾರು, ಶಾಯಿಯ ಪ್ರತಿ ಕಲೆ ಒಂದೊಂದು ಆಕಾರವಾಗಿ ಕೂತಿರುತ್ತದೆ. ಹಾಗೇ ಬಿಟ್ಟರೆ ಫೈಲು ದಪ್ಪ, ತೆರೆಯ ಮೇಲೆ ಅಂಚು ನಡುಗುತ್ತದೆ, ವಿನೈಲ್ ಕಟ್ಟಿಂಗ್ ಯಂತ್ರಕ್ಕೆ ಕಳಿಸಿದರೆ ಅದರ ಚಾಕು ಒದ್ದಾಡುತ್ತದೆ.

ನಾನು ಟ್ರೇಸ್ ಆದದ್ದನ್ನು ಕೆಳಗೆ ಮಾದರಿಯಾಗಿ ಇಟ್ಟುಕೊಂಡು, ಮೇಲೆ ಕೈಯಾರೆ ಹೊಸದಾಗಿ ರೇಖೆ ಎಳೆದೆ. ವಕ್ರರೇಖೆಯ ತೀರಾ ಮೇಲೆ, ಕೆಳಗೆ, ಎಡ, ಬಲ ತುದಿಗಳಲ್ಲಿ ನೋಡ್ ಇಡಬೇಕು, ಉಳಿದ ಕಡೆ ಆದಷ್ಟು ಕಡಿಮೆ. ಅಂಚಿನ ಒರಟುತನವನ್ನು ಎಲ್ಲ ಕಡೆ ಉಳಿಸಲಿಲ್ಲ. ಗೆರೆ ಶುರುವಾಗುವಲ್ಲಿ ಬ್ರಶ್ ತುಂಬಿರುತ್ತದೆ, ಅಲ್ಲಿ ಅಂಚು ನುಣುಪು. ಗೆರೆ ಮುಗಿಯುವಲ್ಲಿ ಶಾಯಿ ಕಮ್ಮಿ, ವೇಗ ಜಾಸ್ತಿ, ಅಲ್ಲಿ ಮಾತ್ರ ಒಡೆದ ಅಂಚು, ಒಂದೆರಡು ಬಿಳಿ ಎಳೆ. ಇದನ್ನು ಪಾಲಿಸಿದ ಅಕ್ಷರಗಳನ್ನು ಪಾಲಿಸದವುಗಳ ಪಕ್ಕ ಇಟ್ಟು ತೋರಿಸಿದಾಗ, ಫಾಂಟಿನ ಗಂಧಗಾಳಿ ಇಲ್ಲದವರು ಕೂಡ "ಇದು ಕೈಬರಹ, ಅದು ಕಂಪ್ಯೂಟರ್ದು" ಅಂತ ಸರಿಯಾಗಿ ಗುರುತಿಸಿದರು. ಯಾಕೆ ಅಂತ ಕೇಳಿದರೆ ಹೇಳೋಕೆ ಅವರಿಗೆ ಆಗಲಿಲ್ಲ.

ಬಿಳಿ ಎಳೆಗಳ ಬಗ್ಗೆ ಒಂದು ಮಾತು. ಒಣ ಬ್ರಶ್ಶಿನ ಗೆರೆಗಳು ದೊಡ್ಡ ಪೋಸ್ಟರಿನಲ್ಲಿ ಸೊಗಸು, ಸಣ್ಣ ಸ್ಟಿಕರಿನಲ್ಲಿ ಕೊಳೆ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ತೆಳು ಎಳೆಗಳೊಳಗೆ ಬಣ್ಣ ತುಂಬಿ ಮುಚ್ಚಿಹೋಗುತ್ತದೆ, ಕಸೂತಿ ಯಂತ್ರಕ್ಕಂತೂ ಅದು ಬೇಡವೇ ಬೇಡ. ಅದಕ್ಕೆ ಎರಡು ರೂಪ ಮಾಡಿದೆ. ಒಂದು ಒರಟು, ಎಳೆಗಳಿರುವುದು. ಇನ್ನೊಂದು ಗಟ್ಟಿ, ಅದೇ ಆಕಾರ, ಆದರೆ ಒಳಗೆ ಪೂರ್ತಿ ತುಂಬಿದ್ದು. ಜನ ಒರಟನ್ನು ಇಷ್ಟಪಟ್ಟು ಗಟ್ಟಿಯನ್ನೇ ಬಳಸುತ್ತಾರೆ.

ಇಲ್ಲಿಯವರೆಗಿನದು ಚಿತ್ರ ಬಿಡಿಸುವ ಕೆಲಸ. ಆಮೇಲಿನದು ಕನ್ನಡದ ಜೋಡಣೆ. ಯುನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ, ಆದರೆ ಯುನಿಕೋಡ್ ಅಕ್ಷರಕ್ಕೆ ಸಂಕೇತ ಕೊಡುತ್ತದೆ, ಆಕಾರ ಕೊಡಲ್ಲ. ಕ, ಹಲಂತ, ಕ, ಉ ಕಾರ ಅಂತ ಸಾಲಾಗಿ ಬಂದದ್ದನ್ನು "ಕ್ಕು" ಅಂತ ತೋರಿಸುವುದು ಫಾಂಟಿನ ಒಳಗಿನ ಓಪನ್‌ಟೈಪ್ ನಿಯಮಗಳು (ಯಾವ ಅಕ್ಷರಗಳು ಸೇರಿದರೆ ಯಾವ ಆಕಾರ ಬರಬೇಕು ಅನ್ನೋದು) ಮತ್ತು ಅವನ್ನು ಓದಿ ಕೂರಿಸುವ ತಂತ್ರಾಂಶ ಸೇರಿ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಇವೆಲ್ಲ ಹಾರ್ಫ್‌ಬಜ್ ಅನ್ನುವ ಒಂದೇ ತಂತ್ರಾಂಶ ಬಳಸುತ್ತವೆ, ಆದ್ದರಿಂದ ಅಲ್ಲೆಲ್ಲ ಒಂದೇ ಥರ ಕಾಣುತ್ತದೆ ಅನ್ನೋದು ದೊಡ್ಡ ಸಮಾಧಾನ.

ಬಹುಪಾಲು ವ್ಯಂಜನಗಳಿಗೆ ಕನಿಷ್ಠ ಮೂರು ಆಕಾರ ಬೇಕು. ತಲಕಟ್ಟಿನ ಜೊತೆಗಿನದು, ತಲಕಟ್ಟಿಲ್ಲದ್ದು (ದೀರ್ಘ, ಏತ್ವ, ಹಲಂತ ಬಂದಾಗ ಅದೇ ಬೇಕು) ಮತ್ತು ಒತ್ತು. ಗುಡಿಸು ಬಂದರೆ, ಅಂದರೆ ಕಿ, ಗಿ, ಚಿ ಇವುಗಳಲ್ಲಿ, ಅದು ಅಕ್ಷರದ ಜೊತೆ ಎಷ್ಟು ಬೆರೆತಿರುತ್ತದೆ ಎಂದರೆ ಅದಕ್ಕೂ ಬೇರೆ ಆಕಾರವೇ ಬೇಕು. 34 ವ್ಯಂಜನಕ್ಕೆ ಲೆಕ್ಕ ಹಾಕಿಕೊಳ್ಳಿ. ಒತ್ತುಗಳಲ್ಲಿ ಬಹುಪಾಲು ಮೂಲ ಅಕ್ಷರವನ್ನೇ ತಲಕಟ್ಟು ತೆಗೆದು ಸಣ್ಣದು ಮಾಡಿದ ಹಾಗಿರುತ್ತವೆ. ತ, ನ, ಮ, ಯ, ರ, ಲ ಇವುಗಳ ಒತ್ತು ಮಾತ್ರ ಪೂರ್ತಿ ಬೇರೆ ಆಕಾರ. ಕಂಪ್ಯೂಟರಿನಲ್ಲಿ ಅಕ್ಷರವನ್ನು ಅರ್ಧ ಮಾಡಿ ಕೆಳಗೆ ಇಟ್ಟರೆ ಒತ್ತು ಆಗಿಬಿಡುತ್ತದೆ ಅನ್ನೋ ಆಸೆ ಬರುತ್ತದೆ. ಹಾಗೆ ಮಾಡಿದರೆ ಗೆರೆಯೂ ಅರ್ಧವಾಗುತ್ತದೆ, ಮೇಲಿನದು ದಪ್ಪ ಬ್ರಶ್, ಕೆಳಗಿನದು ಬಾಲ್ ಪೆನ್ನು. ಹಾಗಾಗಿ ಒತ್ತುಗಳನ್ನೆಲ್ಲ ಸ್ವಲ್ಪವೇ ಸಣ್ಣ ಬ್ರಶ್ಶಿನಲ್ಲಿ, ಮತ್ತೆ ಕಾಗದದ ಮೇಲೇ ಬರೆದೆ. ಒತ್ತು ಮೂಲ ಅಕ್ಷರಕ್ಕಿಂತ ತುಸು ತೆಳುವಾಗಿದ್ದರೆ ಕಣ್ಣಿಗೆ ಸಮ ಅನಿಸುತ್ತದೆ, ಅರ್ಧ ತೆಳುವಾದರೆ ಕೆಟ್ಟದ್ದು.

ಪರೀಕ್ಷೆಗೆ ಒಂದಿಷ್ಟು ಪದ ಆರಿಸಿಟ್ಟುಕೊಂಡಿದ್ದೆ. ರಾಷ್ಟ್ರ, ಸ್ತ್ರೀ: ಎರಡೆರಡು ಒತ್ತು. ಅರ್ಕ, ಸೂರ್ಯ: ಅರ್ಕಾವತ್ತು. ಇದರಲ್ಲಿ ರ ಮೊದಲು ಟೈಪ್ ಆಗುತ್ತದೆ, ಆದರೆ ಚಿಹ್ನೆ ಮುಂದಿನ ಅಕ್ಷರದ ಆಚೆ ಹೋಗಿ ಕೂರಬೇಕು. ರ‍್ಯಾಂಕ್: ಇಲ್ಲಿ ಅದೇ ರ ಅರ್ಕಾವತ್ತು ಆಗದೆ ಪೂರ್ತಿ ರ ಆಗಿಯೇ ನಿಂತು ಕೆಳಗೆ ಯ ಒತ್ತು ಬರಬೇಕು, ಅದಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಕೂಡಿಸುವ ಸಂಕೇತ ಹಾಕುತ್ತಾರೆ. ಫಾಂಟ್‌ಗಳು: ಇಲ್ಲಿ ಟ ಕೆಳಗೆ ಗ ಒತ್ತು ಬರದೆ ಹಲಂತ ಉಳಿಯಬೇಕು, ಅದಕ್ಕೆ ಬಿಡಿಸುವ ಸಂಕೇತ. ಈ ಪದಗಳಲ್ಲಿ ಯಾವುದು ಮುರಿದರೂ ಫಾಂಟ್ ಎಷ್ಟೇ ಚೆಂದ ಇದ್ದರೂ ಪ್ರಯೋಜನ ಇಲ್ಲ. ಎರಡು ಒತ್ತು ಬಂದಾಗ ಒಂದರ ಕೆಳಗೊಂದು ಇಟ್ಟರೆ ಸಾಲು ಪಾತಾಳಕ್ಕೆ ಇಳಿಯುತ್ತದೆ, ಆದ್ದರಿಂದ ಪಕ್ಕಪಕ್ಕ ಇಟ್ಟೆ. ಫಾಂಟಿನಲ್ಲಿ ಎತ್ತರ-ಆಳದ ಅಳತೆಯನ್ನು ಧಾರಾಳವಾಗಿ ಕೊಡಲೇಬೇಕು, ಇಲ್ಲದಿದ್ದರೆ ಕೆಲವು ವಿಂಡೋಸ್ ಪ್ರೋಗ್ರಾಂಗಳಲ್ಲಿ ಒತ್ತಿನ ಅಡಿ ಕತ್ತರಿಸಿಹೋಗುತ್ತದೆ.

ಈಗ ನನಗೆ ಅತಿ ಇಷ್ಟವಾದ ಭಾಗ. ಕೈಬರಹದ ಫಾಂಟ್ ಸಿಕ್ಕಿಬೀಳೋದು ಒಂದೇ ಅಕ್ಷರ ಎರಡು ಸಲ ಬಂದಾಗ. ಮನುಷ್ಯರು ಒಂದೇ ಅಕ್ಷರವನ್ನು ಎರಡು ಸಲ ಒಂದೇ ಥರ ಬರೆಯಲ್ಲ, ಫಾಂಟ್ ಬರೆಯುತ್ತದೆ. ಇಂಗ್ಲಿಷಿನಲ್ಲಿ ಜೋಡಿ ಓ, ಜೋಡಿ ಎಲ್ ಬಂದಾಗ ಇದು ಎದ್ದು ಕಾಣುತ್ತದೆ. ಅದಕ್ಕೆ ಒಂದೊಂದು ಅಕ್ಷರಕ್ಕೆ ಎರಡು ಮೂರು ರೂಪ ಬರೆದು, ಸರದಿಯಲ್ಲಿ ಬದಲಾಗುವ ಹಾಗೆ ಓಪನ್‌ಟೈಪ್‌ನಲ್ಲಿ ನಿಯಮ ಹಾಕುತ್ತಾರೆ, ಕಾಂಟೆಕ್ಸ್ಚುವಲ್ ಆಲ್ಟರ್ನೇಟ್ಸ್ ಅಂತ. ನಾನೂ ಜಾಸ್ತಿ ಬಳಕೆಯ ಅಕ್ಷರಗಳಿಗೆ ಹಾಗೇ ಮಾಡಿದೆ. ಆದರೂ ಸಾಲು ಯಂತ್ರದ ಹಾಗೇ ಕಾಣುತ್ತಿತ್ತು. "ಸರಸರ" ಅಂತ ಟೈಪ್ ಮಾಡಿ ನೋಡಿದೆ, ಆಮೇಲೆ "ಜಲಜ" ಅಂತ. ಸರಸರ ಯಂತ್ರ, ಜಲಜ ಕೈಬರಹ! ಆಗ ಹೊಳೆಯಿತು. ಜ, ಲ, ಬ, ಣ, ಟ, ಖ ಇವಕ್ಕೆ ತಲಕಟ್ಟಿಲ್ಲ. ಉಳಿದ ಬಹುಪಾಲು ಅಕ್ಷರಗಳ ತಲೆಯ ಮೇಲೆ ಅದೇ ತಲಕಟ್ಟು. ಅಕ್ಷರ ಬೇರೆಯಾದರೂ ತಲಕಟ್ಟು ಒಂದೇ ಅಚ್ಚಿನದು ಆದ್ದರಿಂದ ಸಾಲಿನ ಮೇಲಂಚಿನಲ್ಲಿ ಒಂದೇ ಚಿತ್ರ ಮತ್ತೆ ಮತ್ತೆ ಬರುತ್ತಿತ್ತು. ಕನ್ನಡದಲ್ಲಿ ಗುಟ್ಟು ಬಿಟ್ಟುಕೊಡೋದು ಅಕ್ಷರಕ್ಕಿಂತ ಮೊದಲು ತಲಕಟ್ಟು.

ತಲಕಟ್ಟನ್ನು ಬಿಡಿಭಾಗದ ಹಾಗೆ ಮಾಡಿ ಎಲ್ಲ ಅಕ್ಷರಕ್ಕೂ ಅಂಟಿಸುವುದು ಫಾಂಟ್ ಮಾಡುವವರಿಗೆ ಸಹಜ, ಕೆಲಸ ಎಷ್ಟೋ ಕಡಿಮೆ. ಓದುವ ಫಾಂಟಿಗೆ ಅದೇ ಸರಿ ಕೂಡ. ಬ್ರಶ್ ಫಾಂಟಿಗೆ ಅದನ್ನು ಕಿತ್ತುಹಾಕಿದೆ. ಪ್ರತಿ ಅಕ್ಷರದ ತಲಕಟ್ಟು ಅದೇ ಅಕ್ಷರದ ಜೊತೆ ಬರೆದದ್ದು. ಕೆಲವು ಗಿಡ್ಡ, ಕೆಲವು ಮೇಲಕ್ಕೆ ಚಿಮ್ಮಿದ್ದು, ಕೆಲವು ಮುಂದಿನ ಅಕ್ಷರದ ಮೇಲೆ ಸ್ವಲ್ಪ ಚಾಚಿದ್ದು. ಇದು ಬೇಜಾರಿನ ಕೆಲಸವೇ, ಸುಳ್ಳು ಹೇಳಲ್ಲ. ಆದರೆ ಇಡೀ ಫಾಂಟಿನಲ್ಲಿ ಅತಿ ಜಾಸ್ತಿ ಬದಲಾವಣೆ ತಂದದ್ದು ಇದೊಂದೇ. ಒಂದು ಎಚ್ಚರಿಕೆ: ಅದಲುಬದಲು ರೂಪಗಳ ಸೌಲಭ್ಯ ವರ್ಡ್‌ನಲ್ಲಿ ತಾನಾಗಿ ಚಾಲೂ ಇರಲ್ಲ, ಫಾಂಟ್ ಆಯ್ಕೆಗಳ ಒಳಗೆ ಹೋಗಿ ಟಿಕ್ ಹಾಕಬೇಕು. ಬ್ರೌಸರುಗಳಲ್ಲಿ ತಾನಾಗಿಯೇ ಕೆಲಸ ಮಾಡುತ್ತದೆ.

ಅಕ್ಷರಗಳ ನಡುವಿನ ಅಂತರದ ಬಗ್ಗೆ ಬರೆದರೆ ಮುಗಿಯಲ್ಲ, ಚುಟುಕಾಗಿ ಹೇಳುತ್ತೇನೆ. ದಪ್ಪ ಅಕ್ಷರಗಳು ಹತ್ತಿರ ಇರಬೇಕು, ಒಳಗಿನ ಬಿಳಿಗಿಂತ ಹೊರಗಿನ ಬಿಳಿ ಜಾಸ್ತಿ ಆದರೆ ಪದ ಒಡೆಯುತ್ತದೆ. ಮೇಲೆ ಅಕ್ಷರಗಳು ಸರಿಯಾಗಿ ಕೂತಿದ್ದರೂ ಕೆಳಗೆ ಒತ್ತುಗಳು ಡಿಕ್ಕಿ ಹೊಡೆಯುತ್ತವೆ, "ಅಕ್ಕಪಕ್ಕ", "ಹುಟ್ಟುಹಬ್ಬ" ಥರದ ಪದಗಳಲ್ಲಿ ಒತ್ತಿನ ಕರ್ನಿಂಗ್ (ಅಕ್ಕಪಕ್ಕದ ಆಕಾರಗಳ ನಡುವಿನ ಅಂತರ ಹೊಂದಿಸೋದು) ಬೇರೆಯಾಗಿಯೇ ನೋಡಬೇಕು.

ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳನ್ನೂ ಸೇರಿಸಿದೆ, ಪೋಸ್ಟರ್ ಅಂದರೆ ತಾರೀಖು, ಸಮಯ, ಫೋನ್ ನಂಬರ್ ಇದ್ದೇ ಇರುತ್ತದಲ್ಲ. ಅವನ್ನು ಕನ್ನಡ ಅಕ್ಷರದ ಎತ್ತರಕ್ಕಿಂತ ಚೂರೇ ಎತ್ತರ ಇಟ್ಟಿದ್ದೇನೆ. ಕನ್ನಡ ಅಂಕಿಗಳೂ ಇವೆ. ಸೊನ್ನೆ ಮತ್ತು ಅನುಸ್ವಾರ ಒಂದೇ ಥರ ಕಾಣದ ಹಾಗೆ ಸೊನ್ನೆಯನ್ನು ದೊಡ್ಡದಾಗಿ ಬರೆದೆ.

ಈಗ ಬಳಕೆಗೆ ಬರೋಣ. ಫಾಂಟ್ ಹಂಚಿದ ಮೇಲೆ ಅದು ಎಲ್ಲೆಲ್ಲಿ ಹೋಯಿತು ಅಂತ ನೋಡೋದೇ ಒಂದು ಮಜಾ. ನಾಟಕದ ಪೋಸ್ಟರು, ವಿಡಿಯೋ ಥಂಬ್‌ನೇಲ್, ಟೀ ಶರ್ಟು, ಮೆರವಣಿಗೆಯ ಫಲಕ, ಪುಸ್ತಕದ ಮುಖಪುಟ. ಎಲ್ಲ ಕಡೆ ಚೆನ್ನಾಗಿ ಕಂಡದ್ದರಲ್ಲಿ ಒಂದು ಸಾಮಾನ್ಯ ಗುಣ ಇದೆ: ಪದ ಕಡಿಮೆ, ಗಾತ್ರ ದೊಡ್ಡದು. ಒಂದರಿಂದ ನಾಲ್ಕು ಪದ ಇದ್ದರೆ ಇದು ಕೂಗುತ್ತದೆ. ಹತ್ತು ಪದ ದಾಟಿದರೆ ಎಲ್ಲರೂ ಒಟ್ಟಿಗೆ ಕೂಗಿದ ಹಾಗೆ, ಏನೂ ಕೇಳಿಸಲ್ಲ. ಒಬ್ಬರು ಇಡೀ ಕರಪತ್ರವನ್ನು, ಷರತ್ತುಗಳ ಸಮೇತ, ಇದರಲ್ಲೇ ಹಾಕಿದ್ದರು. ಓದೋಕೆ ನನಗೇ ಆಗಲಿಲ್ಲ. ಇದರ ಕೆಳಗೆ ವಿವರಕ್ಕೆ ಸಾದಾ ತೆಳು ಫಾಂಟ್ ಇಟ್ಟರೆ ಎರಡೂ ಗೆಲ್ಲುತ್ತವೆ. ಇನ್ನೊಂದು ಅಲಂಕಾರದ ಫಾಂಟ್ ಇಟ್ಟರೆ ಎರಡೂ ಸೋಲುತ್ತವೆ.

ಭಾವಕ್ಕೂ ಗಮನ ಬೇಕು. ಬ್ರಶ್ಶಿನ ದಪ್ಪ ಅಕ್ಷರ ಅವಸರದ್ದು, ಜೋರು ದನಿಯದು. ಆಟ, ಜಾತ್ರೆ, ಪ್ರತಿಭಟನೆ, ಸಾಹಸದ ಕತೆ ಇವಕ್ಕೆ ಒಗ್ಗುತ್ತದೆ. ಶ್ರದ್ಧಾಂಜಲಿಗೆ, ಔಷಧಿ ಚೀಟಿಗೆ, ಸೂಚನಾ ಫಲಕಕ್ಕೆ ಒಗ್ಗಲ್ಲ. ದಾರಿ ತೋರಿಸುವ ಫಲಕದಲ್ಲಿ ಜನ ಅಕ್ಷರದ ಗತ್ತು ನೋಡೋಕೆ ನಿಂತಿರಲ್ಲ.

ದಯವಿಟ್ಟು ಬೋಲ್ಡ್ ಬಟನ್ ಒತ್ತಬೇಡಿ. ಈ ಫಾಂಟಿಗೆ ಬೇರೆ ಬೋಲ್ಡ್ ಇಲ್ಲ, ಆದ್ದರಿಂದ ತಂತ್ರಾಂಶ ಸುಮ್ನೆ ಅಂಚನ್ನು ಎಲ್ಲ ಕಡೆ ಉಬ್ಬಿಸುತ್ತದೆ, ನಾನು ಕಷ್ಟಪಟ್ಟು ಉಳಿಸಿದ ಸೀಳುಗಳೆಲ್ಲ ಒಂದೇ ಕ್ಲಿಕ್ಕಿಗೆ ಮುಚ್ಚಿಹೋಗುತ್ತವೆ, ಧ ಮತ್ತೆ ದ ಆಗುತ್ತದೆ. ಇಟಾಲಿಕ್ ಕೂಡ ಅದೇ ಕತೆ, ಬ್ರಶ್ಶಿನ ಓರೆ ಈ ಫಾಂಟಿನಲ್ಲಿ ಆಗಲೇ ಇದೆ. ಅಡ್ಡಡ್ಡ ಹಿಗ್ಗಿಸೋದು, ಅಕ್ಷರಗಳ ನಡುವೆ ಅಂತರ ಕೊಡೋದು, ಸುತ್ತ ದಪ್ಪ ಬಾರ್ಡರ್ ಎಳೆಯೋದು ಇವು ಕೂಡ ಬೇಡ. ಬಾರ್ಡರ್ ಬೇಕೇ ಬೇಕೆಂದರೆ ಅಕ್ಷರದ ಹಿಂದೆ ಹೋಗುವ ಹಾಗೆ ಹಾಕಿ, ಮೇಲೆ ಬಂದರೆ ಒಳಗಿನ ಬಿಳಿ ತಿನ್ನುತ್ತದೆ. ಫೋಟೋ ಮೇಲೆ ಬರೆಯುವಾಗ ಗಟ್ಟಿ ರೂಪ ತಗೊಳ್ಳಿ, ಒರಟು ರೂಪದ ಎಳೆಗಳು ಫೋಟೋದ ಗದ್ದಲದಲ್ಲಿ ಕಳೆದುಹೋಗುತ್ತವೆ.

ಹೆಚ್ಚು ಬಂದ ದೂರು "ಒತ್ತಕ್ಷರ ಒಡೆದು ಬರುತ್ತಿದೆ" ಅಂತ. ಬಹುತೇಕ ಸಲ ಫಾಂಟಿನದಲ್ಲ, ತಂತ್ರಾಂಶದ ಸೆಟ್ಟಿಂಗಿನದು. ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿಕೊಂಡರೆ ಕನ್ನಡ ಸರಿಯಾಗಿ ಕೂರುತ್ತದೆ, ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲೂ ಟೈಪ್ ಸೆಟ್ಟಿಂಗಿನಲ್ಲಿ ಇಂಥದೇ ಆಯ್ಕೆ ಇದೆ. ಇನ್ನು ಕೆಲವರು ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯಕ್ಕೆ ಇದನ್ನು ಹಾಕಿ "ಏನೇನೋ ಇಂಗ್ಲಿಷ್ ಚಿಹ್ನೆ ಬರ್ತಿದೆ" ಅಂದರು. ಆ ಪಠ್ಯವನ್ನು ಮೊದಲು ಯುನಿಕೋಡ್‌ಗೆ ಬದಲಾಯಿಸಬೇಕು, ಬೇರೆ ದಾರಿ ಇಲ್ಲ. ಅಚ್ಚಿಗೆ ಕಳಿಸುವಾಗ ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಅಂದರೆ ಬರೀ ರೇಖಾಚಿತ್ರವಾಗಿಸಿ ಕಳಿಸಿ, ತಿದ್ದೋಕೆ ಬರುವ ಮೂಲ ಫೈಲನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಲೈಸೆನ್ಸಿಗೆ ಸಿಲ್ ಓಪನ್ ಫಾಂಟ್ ಲೈಸೆನ್ಸ್ ಆರಿಸಿದೆ, 2007ರ 1.1 ಆವೃತ್ತಿ. ಇದರ ಬಗ್ಗೆ ಜನ ಬಹಳ ಅಂಜುತ್ತಾರೆ, ಆದರೆ ವಿಷಯ ಸರಳ. ಫಾಂಟ್ ಬಳಸಿ ಮಾಡಿದ ಪೋಸ್ಟರು, ಲೋಗೋ, ಶರ್ಟು ಎಲ್ಲ ನಿಮ್ಮದು, ಮಾರಿಕೊಳ್ಳಿ. ಫಾಂಟ್ ಫೈಲನ್ನೇ ಬಿಡಿಯಾಗಿ ಮಾರುವ ಹಾಗಿಲ್ಲ. ತಿದ್ದಿ ಹಂಚಬಹುದು, ಆದರೆ ಅದೇ ಲೈಸೆನ್ಸಿನಲ್ಲಿ, ಮತ್ತು ಮೂಲದವರು ಹೆಸರು ಕಾಯ್ದಿರಿಸಿದ್ದರೆ ಬೇರೆ ಹೆಸರಿನಲ್ಲಿ. ಲೋಗೋಗೆ ಬಳಸುವವರಿಗೆ ಒಂದು ಸಲಹೆ. ಟೈಪ್ ಮಾಡಿದ್ದನ್ನು ಹಾಗೇ ಇಡಬೇಡಿ, ಔಟ್‌ಲೈನ್ ಮಾಡಿ ಒಂದೆರಡು ಗೆರೆಯನ್ನಾದರೂ ಬದಲಾಯಿಸಿ. ಅದೇ ಫಾಂಟ್ ನಿಮ್ಮ ಪಕ್ಕದವರಿಗೂ ಸಿಗುತ್ತದೆ.

ಸದ್ಯಕ್ಕೆ ಬಾಕಿ ಇರೋದು ಹಳಗನ್ನಡದ ಱ ಮತ್ತು ೞ. ಹಳೆಯ ಕಾವ್ಯದ ಸಾಲನ್ನು ಪೋಸ್ಟರಿಗೆ ಹಾಕೋರು ಕೇಳುತ್ತಿದ್ದಾರೆ. ಇವೆರಡನ್ನು ದಪ್ಪ ಬ್ರಶ್ಶಿನಲ್ಲಿ ಬರೆದ ಮಾದರಿ ಹುಡುಕಿದರೂ ನನಗೆ ಸಿಕ್ಕಿಲ್ಲ, ಹಾಗಾಗಿ ಗೆರೆಯ ಕ್ರಮವನ್ನು ನಾನೇ ಕಟ್ಟಬೇಕು. ೞ ಒಳಗಿನ ಬಿಳಿ ಜಾಗ ಈಗಲೇ ಸಾಲುತ್ತಿಲ್ಲ. ಯಾರಾದರೂ ಕೈಯಲ್ಲಿ ಬರೆದು ನೋಡಿದ್ದರೆ ಯಾವ ಗೆರೆ ಮೊದಲು ಎಳೆದಿರಿ ಅಂತ ತಿಳಿಸಿ.